ನಮ್ಮನೆಯವರ ಥರಾನೇ ನೋಡ್ಕೋತೀವಿ

ಮಗು ನೋಡ್ಕೊಳ್ಳೋಕೆ ನ್ಯಾನಿ ಬೇಕು ಅಂತ ಮೊನ್ನೆ ಒಬ್ರು ಪೋಸ್ಟ್ ಹಾಕಿ ಕೇಳಿದ್ರು, "ಕನ್ನಡ ಬರ್ಬೇಕು, ಮಧ್ಯಾಹ್ನದ ಅಡುಗೇನೂ ಮಾಡ್ಬೇಕು, ನಮ್ಮನೆಯವರ ಥರಾನೇ ನೋಡ್ಕೋತೀವಿ" ಅಂತ, ಅದಕ್ಕೆ ಎರಡು ಸಾಲು ಬರೆಯೋಣ ಅಂತ ಕೂತೆ, ಉದ್ದ ಆಗೋಯ್ತು, ಬೈಕೋಬೇಡಿ. ನಾನೀಗ ದಾವಣಗೆರೇಲಿದೀನಿ, ಪಿ.ಜೆ. ಬಡಾವಣೇಲಿ ಅಮ್ಮನ ಮನೆ. ಜೆಟ್‌ಲ್ಯಾಗಲ್ಲಿ ರಾತ್ರಿ ಎರಡಕ್ಕೇ ಎಚ್ಚರ ಆಗ್ತಿತ್ತು, ಹಂಗೇ ಪ್ರೈಮಲ್ಲಿ 'ನ್ಯಾನಿ' ಅನ್ನೋ ಸಿನಿಮಾ ಹಾಕ್ಕೊಂಡು ನೋಡ್ದೆ. 2022ರದ್ದು, ನಿಕ್ಯಾಟು ಜುಸು ಡೈರೆಕ್ಟರ್, ಸನ್‌ಡ್ಯಾನ್ಸ್ ಫಿಲ್ಮ್ ಫೆಸ್ಟಿವಲಲ್ಲಿ ದೊಡ್ಡ ಪ್ರೈಜ್ ಬಂದಿರೋದು. ಹಾರರ್ ಅಂತಾರೆ, ನೀರು, ಜೇಡ ಅಂತ ಏನೇನೋ ಬರುತ್ತೆ, ಅದರಿಂದ ನಂಗೇನೂ ಆಗ್ಲಿಲ್ಲ. ಬೆವರು ಬಂದಿದ್ದು ಸಂಬಳ ಕೇಳೋ ಸೀನಲ್ಲಿ.

ಸೆನೆಗಲ್ ದೇಶದ ಆಯಿಷಾ, ಊರಲ್ಲಿ ಟೀಚರ್ ಆಗಿದ್ದೋಳು, ನ್ಯೂಯಾರ್ಕಲ್ಲಿ ಸಾಹುಕಾರ್ರ ಮನೇಲಿ ರೋಸ್ ಅನ್ನೋ ಹುಡುಗೀನ ನೋಡ್ಕೋತಾಳೆ. ಹೆತ್ತ ಮಗ ಊರಲ್ಲೇ, ಅವನ್ನ ಕರೆಸ್ಕೊಳ್ಳೋಕೆ ದುಡ್ಡು ಕೂಡಿಡ್ತಿರ್ತಾಳೆ. ಯಜಮಾನಿ ಬೈಯೋ ಪೈಕಿ ಅಲ್ಲ ಕಣ್ರಿ, ನಗ್ತಾ ಮಾತಾಡ್ತಾಳೆ, ತನ್ನ ಡ್ರೆಸ್ ಕೊಟ್ಟು ಹಾಕ್ಕೋ ಅಂತಾಳೆ, ಇವತ್ತು ರಾತ್ರಿ ಉಳ್ಕೋ ಪ್ಲೀಸ್ ಅಂತಾಳೆ. ದುಡ್ಡು ಮಾತ್ರ ಆಮೇಲೆ, ಆಮೇಲೆ. ಬಾಕಿ ಬೆಳೀತಾನೇ ಹೋಗುತ್ತೆ. ಮನೆ ಊಟ ಮುಟ್ಟದ ರೋಸ್ ಆಯಿಷಾ ಮಾಡಿದ ಖಾರದ ಜೊಲಾಫ್ ಅನ್ನ ತಿಂತಾಳೆ, ಅಮ್ಮಂಗೆ ಅದೂ ಸಿಟ್ಟು.

ನಾವಿರೋ ಅಮೆರಿಕದ ನ್ಯೂಜೆರ್ಸಿಯ ಎಡಿಸನ್ನಲ್ಲಿ ನಮ್ಮ ಮಗಳನ್ನ ನೋಡ್ಕೊಳ್ಳೋರು ಗುಜರಾತಿ ಆಂಟಿ. ನಾನು ಮಾಡಿದ ಚಿತ್ರಾನ್ನ ಉಗಿಯೋ ಮಗಳು ಅವರ ಖಿಚಡಿ ಕಢಿ ಬಟ್ಲು ನೆಕ್ತಾಳೆ, ನೀರಿಗೆ 'ಪಾಣಿ' ಅಂತಾಳೆ. (ಅಮ್ಮ ಮೊದಲ ದಿನಾನೇ ಅದನ್ನ ಕೇಳಿ ಹಣೆ ಚಚ್ಕೊಂಡ್ರು.) ಟ್ರೇನ್ ಲೇಟು ಅಂತ "ಇನ್ನೊಂದು ಹತ್ತು ನಿಮಿಷ ಆಂಟಿ" ಅಂತ ನಾನು ಎಷ್ಟು ಮೆಸೇಜ್ ಹಾಕಿದೀನೋ ಲೆಕ್ಕ ಇಲ್ಲ, ಹತ್ತು ಅಂದ್ರೆ ನಲವತ್ತು, ಆ ನಲವತ್ತಕ್ಕೆ ಒಂದು ಡಾಲರೂ ಕೊಟ್ಟಿಲ್ಲ. ಅದೇ ದೀಪಾವಳಿಗೆ ಇಳಕಲ್ ಸೀರೆ ಕೊಟ್ಟು, ಅವರು ಉಟ್ಕೊಂಡು ಕಳ್ಸಿದ ಫೋಟೋನ ಸ್ಟೇಟಸ್ ಬೇರೆ ಹಾಕ್ಕೊಂಡಿದ್ದೆ.

ಇನ್ನು ಇಲ್ಲಿ ಕತೆ. ನಾನೂ ನನ್ನ ತಮ್ಮಾನೂ ಬೆಳೆದಿದ್ದು ದೊಡ್ಡವ್ವನ ಕೈಲಿ. ಸ್ವಂತ ದೊಡ್ಡವ್ವ ಅಲ್ಲ, ಜಗಳೂರು ಕಡೆಯೋಳು, ಮಳೆ ಇಲ್ದೆ ಊರು ಬಿಟ್ಟು ಬಂದೋರು. ಗಂಡ ಕಾಟನ್ ಮಿಲ್ಲಲ್ಲಿದ್ದ, ಮಿಲ್ ಮುಚ್ಚಿದ್ಮೇಲೆ ಇವಳ ಸಂಬಳದಲ್ಲೇ ಮನೆ ನಡೀತಿದ್ದದ್ದು. ಅಮ್ಮ ಕಾಲೇಜಿಗೆ ಪಾಠ ಮಾಡೋಕೆ ಹೋದ್ರೆ ಸಂಜೆವರೆಗೂ ನಮಗೆ ಅವಳೇ. ನಾವು ದೊಡ್ಡೋರಾದ್ಮೇಲೆ ಮಂಡಕ್ಕಿ ಭಟ್ಟಿ ಕೆಲಸಕ್ಕೆ ಹೋದ್ಲು. ನಿನ್ನೆ ನಾ ಬಂದಿರೋದು ಗೊತ್ತಾಗಿ ಕವರಲ್ಲಿ ಬಿಸಿ ಮಂಡಕ್ಕಿ ಕಟ್ಕೊಂಡು ಬಂದಿದ್ಲು. ಕೈ ನೋಡ್ದೆ, ಬೆರಳ ತುದಿಯೆಲ್ಲ ಸುಟ್ಟು ಕಪ್ಪಾಗಿ ಗಟ್ಟಿ ಆಗೈತೆ, ಅದೇ ಕೈಲಿ ನನ್ನ ಮಗಳಿಗೆ ಒಂದೊಂದೇ ಕಾಳು ಬಾಯಿಗೆ ಹಾಕ್ತಿದ್ಲು.

"ಅಲ್ಲಿ ಕೂಸನ್ನ ಯಾರು ನೋಡ್ಕೋತಾರವ್ವ?" ಅಂದ್ಲು. ಆಂಟಿ ವಿಷ್ಯ ಹೇಳ್ದೆ.

"ಆಕಿ ಮಕ್ಳು ಯಾರತ್ರ ಅದಾವೆ?"

ಎಂಟು ತಿಂಗಳಿಂದ ದಿನಾ ನೋಡೋರು, ನಂಗೆ ಗೊತ್ತಿಲ್ಲ. ಒಬ್ಬ ಮಗ ಇದಾನೆ ಅಂತಿದ್ರು, ಎಲ್ಲಿ ಅಂತ ಕೇಳಿಲ್ಲ. ದೊಡ್ಡವ್ವನ ಮಕ್ಳೂ ಆಗ ಹಳ್ಳೀಲಿ ಅಜ್ಜಿ ಹತ್ರ ಇದ್ವು ಅನ್ನೋದು ಅವಾಗ ನೆನಪಾಯ್ತು, ಹಬ್ಬಕ್ಕೂ ಹೋಗೋಕೆ ಬಿಡ್ತಿರ್ಲಿಲ್ಲ ನಾವು, ಹಬ್ಬಕ್ಕೇ ಅಲ್ವಾ ಕೆಲಸ ಜಾಸ್ತಿ. ಅಷ್ಟ್ರಲ್ಲಿ ಅಮ್ಮ ಟೀ ತಂದು "ಅವಳನ್ನ ನಾವು ಮನೆಯೋಳ ಥರಾನೇ ನೋಡ್ಕೊಂಡ್ವಿ" ಅಂದ್ರು. ದೊಡ್ಡವ್ವ ಹೂಂ ಅಂದ್ಲು. ಅವಳ ಲೋಟ ಹಿತ್ತಲ ಕಟ್ಟೆ ಮೇಲೆ ಬೇರೆ ಇರ್ತಿತ್ತು, ಅದು ನಮಗೆ ಮೂವರಿಗೂ ನೆನಪೈತೆ, ಆ ಮಾತು ಯಾರೂ ಎತ್ಲಿಲ್ಲ.

ಅದಕ್ಕೇ ಹೇಳಿದ್ದು, ಕೇಳಿದೋರೇ, ಆ 'ಮನೆಯವರ ಥರ' ಅನ್ನೋದನ್ನ ಮೊದಲು ಅಳಿಸ್ರಿ. ಗಂಟೆ ಎಷ್ಟು, ರೇಟ್ ಎಷ್ಟು ಅಂತ ಹಾಕಿ. ಮಗು ನೋಡೋದು ಒಂದು ಕೆಲಸ, ನಿಮ್ಮಿಬ್ಬರಿಗೂ ಸಾರು ಪಲ್ಯ ಮಾಡೋದು ಇನ್ನೊಂದು ಕೆಲಸ. ನ್ಯೂಯಾರ್ಕಲ್ಲಿ 2010ರಲ್ಲೇ ಮನೆಗೆಲಸದೋರಿಗೆ ಅಂತ ಕಾನೂನು ಬಂತು, ಓವರ್‌ಟೈಮ್, ವಾರಕ್ಕೊಂದು ರಜ ಎಲ್ಲ ಐತೆ. ನಮ್ಮ ನ್ಯೂಜೆರ್ಸಿದು 2024ರ ಜುಲೈಯಿಂದ, ತಿಂಗಳಿಗೆ 5 ಗಂಟೆ ಕೆಲಸ ಮಾಡಿದ್ರೂ ಬರವಣಿಗೇಲಿ ಕಾಂಟ್ರ್ಯಾಕ್ಟ್ ಕೊಡ್ಬೇಕು. ಕ್ಯಾಷ್ ಕೊಡೋದ್ರಿಂದ ಇದೆಲ್ಲ ನಮಗಲ್ಲ ಅನ್ಕೊಂಡಿದ್ದೋಳು ನಾನೂ ಒಬ್ಳು.

ನಿನ್ನೆ ರಾತ್ರಿ ಕೂತು ಒಂದು ಪುಟದ ಕಾಂಟ್ರ್ಯಾಕ್ಟ್ ಬರ್ದು ಆಂಟಿಗೆ ವಾಟ್ಸಾಪ್ ಮಾಡಿ, ತಪ್ಪಿದ್ರೆ ಹೇಳಿ ಅಂದೆ. ಬೆಳಗ್ಗೆ ವಾಯ್ಸ್ ಮೆಸೇಜ್ ಬಂದಿತ್ತು, ಎಲ್ಲಾ ಸರಿ ಇದೆ ಬೇಟಾ, ಒಂದೇ ಕೇಳ್ತೀನಿ, ನೀವು ಇಂಡಿಯಾಗೆ ಹೋದಾಗ ನನ್ನ ಸಂಬಳ ಏನು ಅಂತ.

ನಾವು ಬಂದು ಮೂರು ವಾರ ಆಯ್ತು. ಝೆಲ್ (ಫೋನಲ್ಲೇ ದುಡ್ಡು ಕಳ್ಸೋದು) ಮಾಡ್ರಿ ಅಂತ ನಮ್ಮನೆಯವರಿಗೆ ಹೇಳಿದೀನಿ, ಪೂರ್ತಿ ಮೂರು ವಾರದ್ದಾ ಅಂತ ಕೇಳ್ತಿದಾರೆ.