ನಾಲ್ಕೂ ಬದಿಯ ಅಳತೆ ಇದೆ, ಆಡ್ ಸೈಟಿನ ವಿಸ್ತೀರ್ಣ ಎಷ್ಟು?

ಸೈಟ್_ಲೆಕ್ಕ:
ಕ್ರಯಪತ್ರದ ಷೆಡ್ಯೂಲಿನಲ್ಲಿ ಪೂರ್ವ–ಪಶ್ಚಿಮ (30+39)/2 ಅಡಿ, ಉತ್ತರ–ದಕ್ಷಿಣ (40+41)/2 ಅಡಿ ಎಂದಿದೆ. ಸರಾಸರಿ ಹಿಡಿದರೆ 34.5 × 40.5 = 1397.25 ಚದರ ಅಡಿ. ಒಂಬತ್ತನೇ ಕ್ಲಾಸಿನ ಮಗಳು ಇದಕ್ಕೆ ಹೆರಾನ್ ಸೂತ್ರ ಹಾಕಬೇಕು ಅಂತಾಳೆ. ಅದು ತ್ರಿಭುಜಕ್ಕಲ್ಲವೇ? ಯಾವುದು ಸರಿ?

ಮೂಲೆಮಟ್ಟ:
ಬರೀ ನಾಲ್ಕು ಬದಿ ಕೊಟ್ಟರೆ ಉತ್ತರವೇ ಇಲ್ಲ ಸಾರ್. ನಾಲ್ಕು ಕಡ್ಡಿಗಳ ತುದಿಗೆ ದಾರ ಕಟ್ಟಿ ಚೌಕಟ್ಟು ಮಾಡಿ, ಒಂದು ಮೂಲೆ ಒತ್ತಿ ನೋಡಿ. ಕಡ್ಡಿಯ ಉದ್ದ ಬದಲಾಗುವುದಿಲ್ಲ, ಒಳಗಿನ ಜಾಗ ಮಾತ್ರ ಕುಗ್ಗುತ್ತದೆ. ಒಂದು ಕರ್ಣ ಅಳೆಯಲೇಬೇಕು. ಮೂಲೆಗಳಿಗೆ ಸುತ್ತು ಹಿಡಿದು ಅ, ಬ, ಕ, ಡ ಎಂದು ಹೆಸರಿಡಿ: ಅ–ಬ 30, ಬ–ಕ 40, ಕ–ಡ 39, ಡ–ಅ 41. ಈಗ ಅ–ಕ ಎಷ್ಟು ಬರುತ್ತೆ ಹೇಳಿ.

ಸೈಟ್_ಲೆಕ್ಕ:
ಟೇಪ್ ಹಿಡಿದೆವು. ಸರಿಯಾಗಿ 50 ಅಡಿ.

ಮೂಲೆಮಟ್ಟ:
ಹಾಗಾದರೆ ಸಲೀಸು. 30, 40, 50 ಲಂಬಕೋನ ತ್ರಿಭುಜ, ವಿಸ್ತೀರ್ಣ 30 × 40 ÷ 2 = 600. ಉಳಿದದ್ದು 39, 41, 50ರ ತ್ರಿಭುಜ. ಮಗಳ ಹೆರಾನ್ ಸೂತ್ರ ಇಲ್ಲಿಗೆ ಬೇಕು. ಅರ್ಧಸುತ್ತಳತೆ 65. ಅದರಿಂದ ಒಂದೊಂದೇ ಬಾಹು ಕಳೆದರೆ 26, 24, 15. ಇನ್ನು √(65 × 26 × 24 × 15) ತೆಗೆಯಬೇಕು.

ಮಕ್ಕಳು ಎಡವುವುದು ಇಲ್ಲೇ. ಗುಣಿಸಿ 6,08,400 ಮಾಡಿಕೊಂಡು ಆಮೇಲೆ ವರ್ಗಮೂಲಕ್ಕೆ ಒದ್ದಾಡುತ್ತಾರೆ. ಗುಣಿಸಲೇಬೇಡಿ, ಅಪವರ್ತಿಸಿ: 5·13, 2·13, 2·2·2·3, 3·5. ಜೋಡಿಗೊಂದರಂತೆ ಹೊರಗೆ ತನ್ನಿ: 13 × 5 × 3 × 2 × 2 = 780.

ಒಟ್ಟು 600 + 780 = 1380 ಚದರ ಅಡಿ. ಇದೇ ನಾಲ್ಕು ಬದಿಗೆ ಕರ್ಣ 40 ಬಂದಿದ್ದರೆ ಸುಮಾರು 1248 ಆಗುತ್ತಿತ್ತು.

ಹಳೇ_ಲೆಕ್ಕ:
ಇನ್ನೊಂದು ದಾರಿಯಲ್ಲೂ ತಾಳೆ ನೋಡಬಹುದು. 41² = 40² + 9², ಮತ್ತು 39 − 30 = 9. ಅಂದರೆ ಅ–ಬ ಮತ್ತು ಕ–ಡ ಸಮಾಂತರ, ನಿಮ್ಮದು ತ್ರಾಪಿಜ್ಯ. (30 + 39)/2 × 40 = 1380. ಷೆಡ್ಯೂಲಿನ ತಪ್ಪು ಎಲ್ಲಿದೆ ಎಂಬುದೂ ಇದರಲ್ಲೇ ಕಾಣುತ್ತೆ: 41 ಓರೆ ಬದಿ, ಅದನ್ನೂ ಎತ್ತರದ ಲೆಕ್ಕಕ್ಕೆ ಸೇರಿಸಿ 40.5 ಮಾಡಿದ್ದಾರೆ. 17.25 ಚದರ ಅಡಿ ಹೆಚ್ಚು. ಚದರ ಅಡಿಗೆ 5000 ರೂಪಾಯಿ ಎಂದಿಟ್ಟುಕೊಂಡರೂ 86,250 ರೂಪಾಯಿ!

ಸರಾಸರಿಯ ಲೆಕ್ಕ ಹೊಸದೇನಲ್ಲ. 628ರಲ್ಲೇ ಬ್ರಹ್ಮಗುಪ್ತ ಅದನ್ನು ಸ್ಥೂಲ ಫಲ (ಅಂದಾಜು ವಿಸ್ತೀರ್ಣ) ಎಂದು ಕೊಟ್ಟು, ಪಕ್ಕದಲ್ಲೇ ಸೂಕ್ಷ್ಮ ಸೂತ್ರವನ್ನೂ ಕೊಟ್ಟಿದ್ದಾನೆ. ಆ ಸೂತ್ರ ಸರಿಹೊಂದುವುದು ಚಕ್ರೀಯ ಚತುರ್ಭುಜಕ್ಕೆ, ಅಂದರೆ ನಾಲ್ಕೂ ಮೂಲೆ ಒಂದೇ ವೃತ್ತದ ಮೇಲೆ ಕೂರುವ ಚತುರ್ಭುಜಕ್ಕೆ. ನಾಲ್ಕು ಬದಿಗಳಿಂದ ಸಿಗಬಹುದಾದ ಅತಿ ಹೆಚ್ಚಿನ ವಿಸ್ತೀರ್ಣವೂ ಅದೇ. ನಿಮ್ಮ ಸೈಟಿಗೆ ಅರ್ಧಸುತ್ತಳತೆ 75ರಿಂದ ಒಂದೊಂದೇ ಬದಿ ಕಳೆದರೆ √(45 × 35 × 36 × 34), ಸುಮಾರು 1388.45. ಅಂದಮೇಲೆ ಈ ನಾಲ್ಕು ಬದಿಗಳನ್ನು ಹೇಗೆ ತಿರುಗಿಸಿದರೂ 1397.25 ಬರಲು ಸಾಧ್ಯವೇ ಇಲ್ಲ. ಲಂಬವನ್ನೋ ಕರ್ಣವನ್ನೋ ಹೇಳದೆ ಚತುರ್ಭುಜದ ಫಲ ಕೇಳುವವನನ್ನು ಭಾಸ್ಕರಾಚಾರ್ಯ ಪಿಶಾಚ ಅಂತಲೇ ಕರೆದಿದ್ದಾನೆ. ಷೆಡ್ಯೂಲು ಬರೆಯುವವರು ಓದಬೇಕಾದ ಮಾತು.

ಟೇಪ್‌ಗಾರ:
ಎರಡನೇ ಕರ್ಣ ಬ–ಡ ಕೂಡ ಅಳೆದುಬಿಡಿ. ಅ–ಬ, ಕ–ಡ ಸಮಾಂತರವಾದ್ದರಿಂದ ಕ ಮೂಲೆಯೂ ಲಂಬಕೋನ: √(39² + 40²) = √3121, ಸುಮಾರು 55.87 ಅಡಿ. ಟೇಪಿನಲ್ಲಿ ಅದು 55 ಅಡಿ ಹತ್ತೂವರೆ ಇಂಚಿನ ಹತ್ತಿರ ಬರಬೇಕು, 55 ಅಡಿ 8.7 ಇಂಚು ಅಲ್ಲ. ದಶಮಾಂಶ ಭಾಗವನ್ನು 12ರಿಂದ ಗುಣಿಸಿದರೆ ಇಂಚು. ತಿರುಗಿಸಿ ಬರೆಯುವಾಗಲೂ ಅಷ್ಟೇ: 30 ಅಡಿ 6 ಇಂಚು ಅಂದರೆ 30.5, 30.6 ಅಲ್ಲ.

ಒಂದೆರಡು ಇಂಚು ಆಚೀಚೆಯಾದರೆ ತಲೆಕೆಡಿಸಿಕೊಳ್ಳಬೇಡಿ. ಅ–ಕ ಅರ್ಧ ಅಡಿ ಹೆಚ್ಚಾಗಿ 50.5 ಬಂದರೂ ವಿಸ್ತೀರ್ಣ ಎರಡೂವರೆ ಚದರ ಅಡಿಯಷ್ಟೇ ಏರುತ್ತೆ. ಆದರೆ ಬ–ಡ ಒಂದಡಿ ವ್ಯತ್ಯಾಸ ತೋರಿಸಿದರೆ ಯಾವುದೋ ಬದಿಯ ಅಳತೆಯೇ ತಪ್ಪಿದೆ. ಮೊದಲು 41ರ ಓರೆ ಬದಿಯನ್ನು ಮತ್ತೆ ಅಳೆಯಿರಿ. ಕಾಂಪೌಂಡಿನ ಹೊರಮೈಯಿಂದ ಒಂದು ಬದಿ, ಒಳಮೈಯಿಂದ ಇನ್ನೊಂದು ಬದಿ ಹಿಡಿಯುವುದು ಮಾಮೂಲಿ ಎಡವಟ್ಟು.