ಬರ್ಲಿನ್ ಯಹೂದಿಗಳು: ಬಂದವರ ಲೆಕ್ಕಕ್ಕೂ ಸದಸ್ಯರ ಲೆಕ್ಕಕ್ಕೂ ತಾಳೆ ಯಾಕಿಲ್ಲ?

ಪ್ರಶ್ನೆ:
1933ರಲ್ಲಿ ಬರ್ಲಿನ್‌ನಲ್ಲಿ ಸುಮಾರು 1,60,000 ಯಹೂದಿಗಳಿದ್ದರು, 1945ರಲ್ಲಿ ಉಳಿದದ್ದು ಸುಮಾರು 8,000. ಆಮೇಲೆ ಸೋವಿಯತ್ ಒಕ್ಕೂಟದಿಂದ ಬಂದವರಿಂದಲೇ ಸಮುದಾಯ ಮತ್ತೆ ಚಿಗುರಿತು ಅಂತಾರೆ. ಹಾಗೆ ಜರ್ಮನಿಗೆ ಬಂದವರು ಎರಡು ಲಕ್ಷಕ್ಕೂ ಹೆಚ್ಚು. ಆದರೆ ಇಡೀ ದೇಶದ ಯಹೂದಿ ಸಮುದಾಯಗಳ (ಅಂದರೆ ಸದಸ್ಯರಾಗಿ ಹೆಸರು ಬರೆಸಿಕೊಳ್ಳುವ ಧಾರ್ಮಿಕ ಸಂಸ್ಥೆಗಳ) ಸದಸ್ಯರು ಈಗ ಸುಮಾರು 90,000 ಮಾತ್ರ. ಉಳಿದವರು ಎಲ್ಲಿ?

ಉತ್ತರ 1:
ಬಹುಪಾಲು ಜನ ಜರ್ಮನಿಯಲ್ಲೇ ಇದ್ದಾರೆ ಸರ್, ಸದಸ್ಯರಾಗಿಲ್ಲ ಅಷ್ಟೇ. ಸೋವಿಯತ್ ಪಾಸ್‌ಪೋರ್ಟಿನ ಐದನೇ ಕಲಮಿನಲ್ಲಿ ‘ಯಹೂದಿ’ ಅಂತ ಬರೆಯುತ್ತಿದ್ದದ್ದು ಧರ್ಮವನ್ನಲ್ಲ, ಜನಾಂಗವನ್ನು. ಅಪ್ಪ ಅಮ್ಮ ಬೇರೆ ಬೇರೆ ಜನಾಂಗದವರಾದರೆ 16ನೇ ವಯಸ್ಸಿನಲ್ಲಿ ಇಬ್ಬರಲ್ಲಿ ಒಬ್ಬರದ್ದನ್ನು ಬರೆಸಿಕೊಳ್ಳಬಹುದಿತ್ತು. ಒಳಗೆ ಬಿಟ್ಟುಕೊಳ್ಳಲು ಜರ್ಮನ್ ಸರ್ಕಾರಕ್ಕೆ ಇಬ್ಬರಲ್ಲಿ ಯಾರು ಯಹೂದಿಯಾಗಿದ್ದರೂ ಸಾಕಿತ್ತು. ಸಮುದಾಯ ನೋಡುವುದು ಹಲಾಖಾವನ್ನು, ಅಂದರೆ ಯಹೂದಿ ಧರ್ಮಶಾಸ್ತ್ರವನ್ನು: ತಾಯಿ ಯಹೂದಿಯಾಗಿರಬೇಕು. ಅಪ್ಪನ ಹೆಸರಿನಿಂದಾಗಿ ಅಲ್ಲಿ ಕಾಲೇಜು ಸೀಟು, ಕೆಲಸ ಕಳೆದುಕೊಂಡವರು ಇಲ್ಲಿ ಸಿನಗಾಗ್ (ಯಹೂದಿ ಪ್ರಾರ್ಥನಾ ಮಂದಿರ) ಬಾಗಿಲಲ್ಲಿ ಯಹೂದಿಗಳಲ್ಲ ಅನ್ನಿಸಿಕೊಂಡರು. ಇದು ನಿಜಕ್ಕೂ ನೋವಿನ ವಿಷಯ. ಜತೆಗೆ, ಅದೇ ಅರ್ಜಿಯಲ್ಲಿ ಬಂದ ಯಹೂದಿಯಲ್ಲದ ಗಂಡ, ಹೆಂಡತಿ, ಮಕ್ಕಳೂ ಆ ಎರಡು ಲಕ್ಷದಲ್ಲಿ ಸೇರಿದ್ದಾರೆ.

ಸದಸ್ಯತ್ವಕ್ಕೆ ಮುಖ್ಯವಾದದ್ದು ತಾಯಿಯ ಕಡೆಯ ದಾಖಲೆ. ಸೋವಿಯತ್ ಜನನ ಪತ್ರದಲ್ಲಿ ತಂದೆ ತಾಯಿ ಇಬ್ಬರ ಜನಾಂಗವನ್ನೂ ನಮೂದಿಸುತ್ತಿದ್ದರು, ಹಾಗಾಗಿ ತಾಯಿಯ ಜನನ ಪತ್ರ ಸಿಕ್ಕರೆ ಅಜ್ಜಿಯ ಮೂಲವೂ ತಿಳಿಯುತ್ತದೆ. ಹಳೆಯ ಮೂಲ ಪ್ರತಿಗಿರುವ ತೂಕ ಒಕ್ಕೂಟ ಒಡೆದ ಮೇಲೆ ಹೊಸದಾಗಿ ಮಾಡಿಸಿದ ಪ್ರತಿಗೆ ಇಲ್ಲ. ತಾಯಿ ಯಹೂದಿಯಲ್ಲದಿದ್ದರೆ ಉಳಿದ ದಾರಿ ಗಿಯುರ್, ಅಂದರೆ ಮತಾಂತರ: ಅಧ್ಯಯನ, ಮೂವರ ಧರ್ಮಪೀಠದ ಮುಂದೆ ಹಾಜರಿ, ಗಂಡಸರಿಗೆ ಸುನ್ನತಿ, ಕೊನೆಗೆ ಮಿಕ್ವೆ ಎಂಬ ಶುದ್ಧಿಸ್ನಾನದ ಕೊಳದಲ್ಲಿ ಮುಳುಗುವುದು.

ಉತ್ತರ 2:
ಮೇಲಿನದಕ್ಕೆ ಸ್ವಲ್ಪ ಸೇರಿಸುತ್ತೇನೆ. ಮೊದಲು ಬಾಗಿಲು ತೆರೆದದ್ದು ಪೂರ್ವ ಜರ್ಮನಿ, 1990ರಲ್ಲಿ. ಆಗ ಪೂರ್ವ ಬರ್ಲಿನ್ ಸಮುದಾಯದಲ್ಲಿದ್ದವರು ಸುಮಾರು 200, ಪಶ್ಚಿಮದಲ್ಲಿ ಸುಮಾರು 6,000; 1991ರಲ್ಲಿ ಎರಡೂ ಒಂದಾದವು. ಆ ವರ್ಷದಿಂದ ಬಂದವರನ್ನು ರಾಜ್ಯಗಳಿಗೆ ಪಾಲು ಹಾಕಿ ಕಳಿಸುತ್ತಿದ್ದರು, ಎಲ್ಲರಿಗೂ ಬರ್ಲಿನ್ ಸಿಗಲಿಲ್ಲ. 2005ರಿಂದ ಜರ್ಮನ್ ಭಾಷೆ ಸ್ವಲ್ಪವಾದರೂ ಬರಬೇಕು, ದುಡಿದು ಬದುಕುವ ಸಾಧ್ಯತೆ ಇರಬೇಕು, ಯಾವುದಾದರೂ ಸಮುದಾಯ ಸೇರಿಸಿಕೊಳ್ಳುವಂತಿರಬೇಕು ಅಂತ ನಿಯಮ ಬಿಗಿಯಾಯಿತು. ಬರುವವರು ಕಡಿಮೆಯಾದರು. ಇರುವವರಲ್ಲಿ ವಯಸ್ಸಾದವರೇ ಹೆಚ್ಚು. ಅವರು ಸೋವಿಯತ್‌ನಲ್ಲಿ ದುಡಿದ ವರ್ಷಗಳನ್ನು ಜರ್ಮನ್ ಪಿಂಚಣಿಗೆ ಲೆಕ್ಕ ಹಿಡಿಯಲಿಲ್ಲ, ಹಾಗಾಗಿ ಬಹಳ ಮಂದಿ ಬದುಕುವುದು ಸರ್ಕಾರದ ನೆರವಿನ ಮೇಲೆ.

ಪ್ರಶ್ನೆ ಕೇಳಿದವರು:
ಹಾಗಾದರೆ ಚಿಗುರಿದ್ದು ಎಲ್ಲಿ ಕಾಣುತ್ತದೆ? ಬರ್ಲಿನ್‌ನ ಒರಾನಿಯನ್‌ಬುರ್ಗರ್ ಬೀದಿಯ ಸಿನಗಾಗ್‌ನ ಚಿನ್ನದ ಗುಮ್ಮಟದಲ್ಲೇ?

ಉತ್ತರ 2:
ಆ ಗುಮ್ಮಟ ನೋಡಿ ತೀರ್ಮಾನಿಸಬೇಡಿ. 1866ರ ಆ ಸಿನಗಾಗ್‌ನಲ್ಲಿ 3,200 ಆಸನಗಳಿದ್ದವು. 1938ರ ನವೆಂಬರ್‌ನಲ್ಲಿ ನಾಜಿಗಳು ಯಹೂದಿಗಳ ಮೇಲೆ ನಡೆಸಿದ ದಾಳಿಯಲ್ಲಿ ಸ್ಥಳೀಯ ಠಾಣೆಯ ಪೊಲೀಸರು ಅದನ್ನು ಉಳಿಸಿದರೂ 1943ರ ಬಾಂಬಿಗೆ ಹಾಳಾಯಿತು, 1958ರಲ್ಲಿ ಪ್ರಾರ್ಥನಾ ಸಭಾಂಗಣವನ್ನೇ ಕೆಡವಿದರು. 1995ರಲ್ಲಿ ತೆರೆದದ್ದು ಮುಂಭಾಗ ಮಾತ್ರ. ಹಿಂದಿನ ಖಾಲಿ ಜಾಗದಲ್ಲಿ ಹಳೆಯ ಗೋಡೆ ಎಲ್ಲಿತ್ತು ಅನ್ನುವುದನ್ನು ನೆಲದ ಮೇಲೆ ಗುರುತು ಹಾಕಿದ್ದಾರೆ.

ಅಲ್ಲಿಂದ ಕೆಲವೇ ನಿಮಿಷ ನಡೆದರೆ ಗ್ರೋಸೆ ಹಂಬುರ್ಗರ್ ಬೀದಿ. ಅಲ್ಲಿನ ಯಹೂದಿ ಶಾಲೆಯನ್ನು ನಾಜಿಗಳು 1942ರಲ್ಲಿ ಮುಚ್ಚಿಸಿದ್ದರು. 1993ರಲ್ಲಿ ಅದೇ ಕಟ್ಟಡದಲ್ಲಿ ಮತ್ತೆ ತರಗತಿ ಶುರುವಾಯಿತು. ಅದನ್ನು ನೋಡಿ.