ಸಹಾಯ ಬೇಕು: ಉಪ್ಪುನೀರಿನ ಟ್ಯಾಂಕಿಗೆ ಮನೆಯಲ್ಲೇ ಎಲ್‌ಇಡಿ ಲೈಟ್

ಮುಂಬೈ ಹತ್ತಿರದ ಡೊಂಬಿವಲಿಯಿಂದ ಎಲ್ಲರಿಗೂ ನಮಸ್ಕಾರ. ನನ್ನದು ಮೂರು ಅಡಿ ಉದ್ದ, ಒಂದೂವರೆ ಅಡಿ ಅಗಲ, ಅಷ್ಟೇ ಎತ್ತರದ ಟ್ಯಾಂಕ್. ಎರಡು ಕ್ಲೌನ್ ಮೀನು, ಒಂದಿಷ್ಟು ಮಶ್ರೂಮ್ ಹವಳ ಇವೆ. ಮೀನಿಗೆ ಸಾಧಾರಣ ಬೆಳಕು ಸಾಕು, ಹವಳಕ್ಕೆ ಸಾಲದು. ಅದರ ಮೈಯೊಳಗಿನ ಪಾಚಿ ಆಹಾರ ಮಾಡಿಕೊಳ್ಳೋದಕ್ಕೆ ನೀಲಿ ಬೆಳಕು ಬೇಕೇ ಬೇಕು. ಹೊರದೇಶದ ರೆಡಿಮೇಡ್ ಲೈಟು ನಮ್ಮ ಕೈಗೆಟುಕುವ ಬೆಲೆಯಲ್ಲಿಲ್ಲ.

ಹಾಗಾಗಿ ನಾನೇ ಮಾಡೋಣ ಅಂತಿದ್ದೇನೆ. 3 ವ್ಯಾಟಿನ 24 ಎಲ್‌ಇಡಿ: 12 ರಾಯಲ್ ಬ್ಲೂ (ತರಂಗಾಂತರ 450 ನ್ಯಾನೊಮೀಟರ್ ಆಸುಪಾಸಿನದು), 12 ಕೂಲ್ ವೈಟ್. ಒಂದಕ್ಕೆ 3.3 ವೋಲ್ಟ್ ಹಿಡಿದರೆ 12ರ ಸಾಲಿಗೆ ಸುಮಾರು 40 ವೋಲ್ಟ್ ಬೇಕು. 700 ಮಿಲಿಆಂಪಿನ ಕಾನ್‌ಸ್ಟಂಟ್ ಕರೆಂಟ್ ಡ್ರೈವರ್ (ಎಲ್‌ಇಡಿಗೆ ಒಂದೇ ಸಮನಾಗಿ ಕರೆಂಟ್ ಕೊಡುವ ಸಾಧನ) ಎರಡು ಹಾಕಿದರೆ ನೀಲಿ, ಬಿಳಿ ಬೇರೆ ಬೇರೆಯಾಗಿ ಡಿಮ್ ಮಾಡಬಹುದು, ಅಲ್ವಾ?

ನನ್ನ ದೊಡ್ಡ ಚಿಂತೆ ಉಪ್ಪು. ಟ್ಯಾಂಕಿನ ಅಂಚಿನಲ್ಲಿ ಈಗಲೇ ಬಿಳಿ ಪುಡಿ ಕಟ್ಟುತ್ತದೆ, ಪಂಪಿನ ಪ್ಲಗ್ ಪಿನ್ನಿಗೆ ಹಸಿರು ಕಿಲುಬು ಹಿಡಿದಿದೆ. ಮುಂಬೈ ಮಳೆಗಾಲದಲ್ಲಂತೂ ಕೇಳಲೇಬೇಡಿ. ಎಲ್‌ಇಡಿ ಕೆಳಗೆ ಅಕ್ರಿಲಿಕ್ ಶೀಟ್ ಹಾಕಿದರೆ ಸಾಕಾ, ಅಥವಾ ಬೆಸುಗೆ ಮೇಲೂ ಏನಾದರೂ ಬಳಿಯಬೇಕಾ? ಶೀಟ್ ಮುಚ್ಚಿದರೆ ಹೀಟ್‌ಸಿಂಕಿಗೆ (ಎಲ್‌ಇಡಿಯ ಬಿಸಿಯನ್ನು ಹೊರಹಾಕುವ ಲೋಹದ ಭಾಗ) ಫ್ಯಾನ್ ಬೇಕಾಗುತ್ತದಾ? ಲೆನ್ಸ್ ಇಲ್ಲದೆ ನೀರಿನಿಂದ ಎಷ್ಟು ಎತ್ತರದಲ್ಲಿ ತೂಗುಹಾಕಬೇಕು?

30 ಮಿಲಿಆಂಪಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸುರಕ್ಷತಾ ಸ್ವಿಚ್) ಮೊದಲೇ ಹಾಕಿಸಿದ್ದೇನೆ, ಮನೆಯಲ್ಲಿ ಚಿಕ್ಕ ಮಗು ಇದೆ. ಮಾಡಿ ಬಳಸಿದವರು ದಯವಿಟ್ಟು ಹೇಳಿ. ಹೀಟ್‌ಸಿಂಕ್, ಡ್ರೈವರ್‌ಗೆ ಮುಂಬೈಯ ಎಲೆಕ್ಟ್ರಾನಿಕ್ಸ್ ಮಾರುಕಟ್ಟೆ ಲ್ಯಾಮಿಂಗ್ಟನ್ ರೋಡಿಗೆ ಹೋಗುವ ಮುಂಚೆ ಗೊತ್ತಾದರೆ ಸುಮ್ನೆ ದುಡ್ಡು ಹಾಳಾಗಲ್ಲ.